ಉಳಿ ಇಲ್ಲದ ಬಡಿಗರು

ನಾನು ಸರಕಾರಿ ಬಡಿಗತನದ ಶಾಲೆಯ ಮಾಸ್ತರನಾಗಿದ್ದೆ. ಶಾಲೆ ಎಂದರೆ ಕಟ್ಟಡವಲ್ಲ. ಕರಗಸ, ಬಾಚಿ, ಉಳಿ, ರಂದಗಳನ್ನು ತುಂಬಿದ ಕೆಲವು ಕಬ್ಬಿಣದ ಪೆಟ್ಟಿಗೆ, ಉದ್ದನೆಯ ಕೆಲಸದ ಬೆಂಚುಗಳು, ಒಂದು ಕಪ್ಪು ಹಲಗೆ ಮತ್ತು ನಾನು. ಇಷ್ಟೇ ಶಾಲೆ. ವರ್ಷಕ್ಕೊಂದು ಊರು. ಒಂದು ಊರಿನಲ್ಲಿ ವರ್ಷ ಮುಗಿಯುತ್ತಲೇ ಎಲ್ಲವನ್ನೂ ಚಕ್ಕಡಿಗೆ ಹೇರಿಕೊಂಡು ಮುಂದಿನ ಊರಿಗೆ ಹೋಗಬೇಕು. ಜನ ಅದಕ್ಕೆ ‘ತಿರುಗೋ ಸಾಲಿ’ ಎಂದು ಹೆಸರಿಟ್ಟಿದ್ದರು.

ನಮ್ಮದು ಕೊಣ್ಣೂರ. ಘಟಪ್ರಭೆಯ ದಂಡೆಯ ಮೇಲೆ ನಮ್ಮ ಹೊಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಎಲ್ಲರಿಗೂ ಕೈಕಸುಬು ಕಲಿಸಬೇಕೆಂಬ ಹುಮ್ಮಸ್ಸು ಸರಕಾರಕ್ಕೆ ಬಂತು. ಜಾತಿ ಕೇಳದೆ ಬೆಳಗಾವಿಯಲ್ಲಿ ಬಡಿಗತನ ಕಲಿಸುತ್ತಾರೆಂದು ಕೇಳಿ ನಾನು ಹೋಗಿ ಸೇರಿದೆ. ಕಟ್ಟಿಗೆಯ ವಾಸನೆ ನನಗೆ ಮೊದಲಿನಿಂದಲೂ ಇಷ್ಟ. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ. ಒಕ್ಕಲುತನದ ಮನೆಯ ಮಗ ಬಾಚಿ ಹಿಡಿದನಲ್ಲ ಎಂದು ಅಪ್ಪನಿಗೆ ಬಹಳ ದಿನ ಬೇಸರವಿತ್ತು. ಯಾರಾದರೂ ಮಗ ಏನು ಮಾಡುತ್ತಾನೆಂದು ಕೇಳಿದರೆ ಸರಕಾರದಲ್ಲಿದ್ದಾನೆ ಎಂದಷ್ಟೇ ಹೇಳಿ ಮಳೆ ಬೆಳೆಯ ಮಾತಿಗೆ ಹೊರಳುತ್ತಿದ್ದರು.

ಗೋಕಾಕದಲ್ಲಿ ನನ್ನ ಮೊದಲ ವರ್ಷ ಚೆನ್ನಾಗಿಯೇ ಕಳೆಯಿತು. ಹುಡುಗರು ಶ್ರದ್ಧೆಯಿಂದ ಕಲಿತರು. ಪರೀಕ್ಷೆ ಆಯಿತು, ಎಲ್ಲರಿಗೂ ಸರಕಾರದ ಮುದ್ರೆ ಇದ್ದ ಪ್ರಮಾಣಪತ್ರ ಸಿಕ್ಕಿತು. ನಾನು ಪೆಟ್ಟಿಗೆಗಳಿಗೆ ಬೀಗ ಹಾಕಿ ಮೂಡಲಗಿಗೆ ಹೊರಟೆ. ಕೆಲವು ತಿಂಗಳಾದ ಮೇಲೆ ಒಂದು ಕೆಲಸದ ಮೇಲೆ ಗೋಕಾಕಕ್ಕೆ ಹೋದಾಗ, ಎಲ್ಲರಿಗಿಂತ ಚಂದ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಫಾಲ್ಸಿನ ದಾರಿಯಲ್ಲಿ ಸಿಕ್ಕ. ಅಲ್ಲಿಯ ನೂಲಿನ ಗಿರಣಿಗೆ ಕೂಲಿಗೆ ಹೋಗುತ್ತಿದ್ದ. ಬಡಿಗತನ ಬಿಟ್ಟೆಯಾ ಎಂದು ಕೇಳಿದೆ. ಅವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ನಗುತ್ತಲೇ ಹೇಳಿದ.

“ಪ್ರಮಾಣಪತ್ರಕ್ಕ ಒಂದ ಚೌಕಟ್ಟ ಹಾಕೂನಂದ್ರೂ ನನ್ನ ಕಡೆ ಉಳಿ ಇಲ್ರಿ, ಮಾಸ್ತರ.”

ಆ ಮಾತು ನನ್ನ ಜೊತೆ ಮೂಡಲಗಿಯ ತನಕ ಬಂತು. ಉಳಿದವರನ್ನು ವಿಚಾರಿಸಿದೆ. ಅಪ್ಪನ ಉಳಿ, ಬಾಚಿಯ ಹತಾರ ಮನೆಯಲ್ಲಿದ್ದ ಒಬ್ಬಿಬ್ಬರನ್ನು ಬಿಟ್ಟರೆ ಯಾರೂ ಕಟ್ಟಿಗೆ ಮುಟ್ಟಿರಲಿಲ್ಲ. ಕೂಲಿಯ ಮನೆಯಲ್ಲಿ ಒಂದು ಒಳ್ಳೆಯ ಕರಗಸ ಕೊಳ್ಳುವುದು ದೂರದ ಮಾತು. ಸರಕಾರ ನನ್ನ ಪಗಾರಕ್ಕೆ, ಕಟ್ಟಿಗೆಗೆ, ಹುಡುಗರ ತಿಂಗಳ ಭತ್ಯಕ್ಕೆ ಹಣ ಕೊಡುತ್ತಿತ್ತು. ಕಲಿತವನ ಕೈಗೆ ಹತಾರ ಕೊಡಲು ಮಾತ್ರ ಯಾವ ಬಾಬತ್ತಿನಲ್ಲೂ ಜಾಗವಿರಲಿಲ್ಲ. ನಾನು ಒಂದು ವರ್ಷ ಈಜು ಕಲಿಸಿ, ಹೋಗುವಾಗ ಹೊಳೆಯನ್ನೇ ಚಕ್ಕಡಿಗೆ ಹೇರಿಕೊಂಡು ಹೋಗುತ್ತಿದ್ದೆ.

ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರು ಪೇಟೆಯ ಹಿಂದಿನ ಹಳೆಯ ಗೋದಾಮನ್ನು ಶಾಲೆಗೆ ಬಿಟ್ಟುಕೊಟ್ಟಿದ್ದರು. ಗೋಡೆಗಳಿಗೆಲ್ಲ ಬೆಲ್ಲದ ವಾಸನೆ. ನಾವು ಕಟ್ಟಿಗೆ ಕೊಯ್ಯಲು ಶುರು ಮಾಡಿದ ಮೇಲೆ ಎರಡೂ ವಾಸನೆ ಕೂಡಿ, ಹಸಿದ ಹೊತ್ತಿನಲ್ಲಿ ಕೆಲಸ ಮಾಡುವುದೇ ಕಷ್ಟವಾಗುತ್ತಿತ್ತು.

ಶಾಲೆ ಶುರುವಾದ ವಾರದಲ್ಲೇ ಗಂಡ ಹೆಂಡತಿ ಇಬ್ಬರು ಬಾಗಿಲಿಗೆ ಬಂದು ನಿಂತರು. ಗಂಡ ಊರಿನ ಹಳೆಯ ಬಡಿಗ. ಹಿಂದಿನ ಚಳಿಗಾಲ ಕಬ್ಬಿನ ಗಾಣ ದುರಸ್ತಿ ಮಾಡುವಾಗ ಬಲಗೈ ಸಿಕ್ಕು ಬೆರಳುಗಳು ಹೋಗಿದ್ದವು. ಆ ಕೈಯನ್ನು ಧೋತರದ ಚುಂಗಿನಲ್ಲಿ ಸುತ್ತಿಕೊಂಡಿದ್ದರು.

“ಮಾಸ್ತರ, ಸಾಲಿಗೆ ಹೆಸರು ಹಚ್ಚಾಕ ಬಂದೇವ್ರಿ,” ಎಂದರು.

ಮಗನನ್ನು ಸೇರಿಸಲು ಬಂದಿರಬೇಕೆಂದು ತಿಳಿದು, ಹುಡುಗ ಎಲ್ಲಿ ಎಂದೆ.

“ಹುಡುಗ ಅಲ್ರಿ. ಈಕಿ. ನನ್ನ ಹೆಂಡತಿ.”

ಇಷ್ಟು ವರ್ಷ ಬಡಿಗತನ ಮಾಡಿದವರು ನೀವೇ ಮನೆಯಲ್ಲಿ ಕಲಿಸಬಹುದಲ್ಲ ಎಂದು ಕೇಳಿದೆ. ಅದಕ್ಕೆ ಅವರಲ್ಲ, ಆಕೆ ಉತ್ತರ ಕೊಟ್ಟಳು.

“ಇವರು ಕೈಲೆ ಮಾಡಿ ತೋರಸೂ ಮನಶ್ಯಾರ್ರಿ. ಬಾಯಿಲೆ ಹೇಳಾಕ ಬರಂಗಿಲ್ಲ. ತೋರಸಾಕ ಹೋಗತಾರ, ಕೈ ಆಗಂಗಿಲ್ಲ, ಸಿಟ್ಟಿಗೇಳತಾರ. ಇಬ್ಬರೂ ಜಗಳಾಡಿ ಸಾಕಾತು.”

ಗಂಡ ನೆಲ ನೋಡುತ್ತ ನಕ್ಕರು. ಆ ನಗು ಕಂಡ ಮೇಲೆ ಇಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ.

ನಿಯಮ ತೆಗೆದು ಓದಿದೆ. ಹೆಂಗಸರನ್ನು ಸೇರಿಸಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಹೆಂಗಸೊಬ್ಬಳು ಬಂದಾಳೆಂದು ಬರೆದವರಿಗೆ ಹೊಳೆದೇ ಇರಲಿಲ್ಲ. ಆದರೆ ತಿಂಗಳ ಭತ್ಯ ‘ಕುಶಲಕರ್ಮಿಗಳ ಗಂಡುಮಕ್ಕಳಿಗೆ’ ಮಾತ್ರ. ಅದೇ ವರ್ಷ ಮಮದಾಪುರದ ಒಬ್ಬ ತರುಣನೂ ಸೇರಿದ್ದ. ಮದುವೆಯಾದವನು, ಹೆಂಡತಿಯ ತವರು ಮೂಡಲಗಿ, ಅಲ್ಲಿಯೇ ಇರುತ್ತಿದ್ದ. ಅವನ ಅಪ್ಪ ಹಗ್ಗ ಹೊಸೆಯುವವರು, ಊರ ಹೊರಗಿನ ಕೇರಿಯಲ್ಲಿ ಮನೆ. ಆಕೆ ಬಡಿಗರ ಮನೆಯವಳು, ಆದರೆ ಮಗನಲ್ಲ. ಇವನು ಮಗ, ಆದರೆ ಬಡಿಗರ ಮಗನಲ್ಲ, ಹಗ್ಗ ಹೊಸೆಯುವುದನ್ನು ಸರಕಾರ ಕುಶಲಕರ್ಮವೆಂದು ಎಣಿಸಿರಲಿಲ್ಲ. ಇಬ್ಬರಿಗೂ ಭತ್ಯ ಇಲ್ಲ. ಸುಮ್ಮನೆ ಕಲಿಯುವುದಿದ್ದರೆ ಬರ್ರಿ ಎಂದೆ. ಇಬ್ಬರೂ ಬಂದರು. ಅವನು ಬೆಳಗಿನ ಹೊತ್ತು ಕಬ್ಬು ಕಡಿಯಲು ಹೋಗಿ, ಆಮೇಲೆ ಶಾಲೆಗೆ ಬರುತ್ತಿದ್ದ.

ನಾನು ಆಕೆಯನ್ನು ಅಕ್ಕಾರ ಎನ್ನುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಮೊದಲ ಕೆಲವು ದಿನ ಉಳಿದ ಹುಡುಗರು ಬೆಂಚಿನ ಆ ತುದಿಗೆ ಸರಿದು ನಿಲ್ಲುತ್ತಿದ್ದರು. ಗೋದಾಮಿನ ವ್ಯಾಪಾರಿಯೂ ಪೇಟೆಯ ಜನ ಏನೆಂದಾರು ಎಂದು ಗೊಣಗಿದರು. ಮರುದಿನದಿಂದ ಗಂಡ ತಾವೂ ಬಂದು ಬಾಗಿಲಲ್ಲಿ ಕೂತು, ಎಡಗೈಯಿಂದ ಹೇಗೋ ಎಲೆ ಅಡಿಕೆ ಮಡಚಿಕೊಳ್ಳುತ್ತ ಹೋಗಿ ಬರುವವರನ್ನು ಮಾತಾಡಿಸತೊಡಗಿದರು. ಜನರ ಮಾತು ತಾನಾಗಿ ನಿಂತಿತು. ಅಕ್ಕಾರ ಸೀರೆಗೆ ಬಿಗಿಯಾಗಿ ಕಚ್ಚೆ ಹಾಕಿ, ಸೆರಗು ಸಿಕ್ಕಿಸಿಕೊಂಡು ಕರಗಸ ಹಿಡಿಯುತ್ತಿದ್ದರು. ಅಡಿಗೆ ಮನೆಯಲ್ಲಿ ಹೇಗೋ ಹಾಗೆ, ಕೆಲಸ ಮುಗಿದ ಕೂಡಲೇ ಬೆಂಚು ಸ್ವಚ್ಛ. ಇದನ್ನು ನೋಡಿ ಹುಡುಗರಿಗೂ ಆ ಚಟ ಹತ್ತಿತು.

ಅಕ್ಕಾರ ಕೈಯಲ್ಲಿ ವಿಶೇಷ ಚಳಕವಿತ್ತೆಂದು ಹೇಳಿದರೆ ಸುಳ್ಳಾದೀತು. ಮೊದಲು ನುಣುಪಾಗಲೆಂದು ರಂದ ಹೊಡೆದ ಹಲಗೆ ಅಲೆ ಅಲೆಯಾಗಿ ಎದ್ದಿತ್ತು. ನಿಜವಾದ ಕೈ ಮಮದಾಪುರದ ತರುಣನದು. ಕಟ್ಟಿಗೆಯ ಎಳೆ ಯಾವ ಕಡೆಗೆ ಓಡುತ್ತದೆಂದು ಅವನ ಬೆರಳಿಗೇ ತಿಳಿಯುತ್ತಿತ್ತು. ಆದರೂ ದೀಪಾವಳಿ ಕಳೆಯುವ ಹೊತ್ತಿಗೆ ಅಕ್ಕಾರ ಅವನನ್ನು ಹಿಂದೆ ಹಾಕಿದ್ದರು. ಕಾರಣ ನನಗೆ ಒಮ್ಮೆಲೇ ಹೊಳೆಯಲಿಲ್ಲ. ಒಂದು ದಿನ ಅವರ ಮನೆಗೆ ಹೋದಾಗ ಕಟ್ಟೆಯ ಮೇಲೆ ಗಂಡನ ಹತಾರಗಳೆಲ್ಲ ಹರಡಿದ್ದವು. ಶಾಲೆಯಲ್ಲಿ ಮಧ್ಯಾಹ್ನ ಕಲಿತದ್ದನ್ನು ಅಕ್ಕಾರ ಸಂಜೆ ಜಾಲಿಯ ತುಂಡಿನ ಮೇಲೆ ಮತ್ತೆ ಮಾಡುತ್ತಿದ್ದರು. ತಪ್ಪಾದರೆ ಗಂಡ ಕೆಮ್ಮುತ್ತಿದ್ದರು, ಅಷ್ಟೇ. ನಾನು ಕಲಿಸಿದ ಮೇಲೆ ಅವರಿಗೆ ಬಾಯಿಂದ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ, ಜಗಳವೂ ನಿಂತಿತ್ತು. ಓಣಿಯವರು ರೊಟ್ಟಿ ಮಾಡುವ ಕೊಣಮಣೆ, ಹೊರಸಿನ ಕಾಲು ಎಂದು ಒಂದೊಂದಾಗಿ ಕೆಲಸ ತರತೊಡಗಿದ್ದರು. ಬೇರೆಯವರಿಗೆ ಶಾಲೆ ಬಿಟ್ಟ ಮೇಲೆ ಹತಾರವಿಲ್ಲ. ಇವರಿಗಿದೆ. ವ್ಯತ್ಯಾಸ ಅಷ್ಟೇ ಇತ್ತು.

ಇತ್ತ ಶಾಲೆಯ ಕೋಣೆಯಲ್ಲಿ ಇನ್ನೊಂದು ತಮಾಷೆ ನಡೆದಿತ್ತು. ಪಾಠದ ಪಟ್ಟಿಯಲ್ಲಿ ಸ್ಟೂಲು ಮಾಡಿಸಬೇಕೆಂದಿತ್ತು. ಮಾಡಿದೆವು. ಮಾಡಿದ ವಸ್ತು ಸರಕಾರದ್ದು. ಮಾರಬೇಕಾದರೆ ಪುಣೆಯ ಕಚೇರಿಯ ಅಪ್ಪಣೆ ಬೇಕು, ಬಂದ ಹಣ ಖಜಾನೆಗೆ ಹೋಗಬೇಕು. ಅಪ್ಪಣೆ ಕೇಳಿ ಬರೆದೆ, ಬರಲಿಲ್ಲ. ಹುಡುಗರು ಮತ್ತೆ ಸ್ಟೂಲು ಮಾಡಿದರು. ಒಳಗಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಸ್ಟೂಲು ಏರಿ ಜಂತಿ ಮುಟ್ಟಿತು. ಪೇಟೆಯ ಅಂಗಡಿಕಾರರು ಬಂದು ಒಂದು ಕೊಡಿ ಎಂದು ಕೇಳಿದರೆ, ಇಲ್ಲ ಎಂದು ಹೇಳಿ ಬೀಗ ಹಾಕುವುದು ನನ್ನ ಕೆಲಸವಾಯಿತು. ಇಲಿಗಳಿಗೆ ಮಾತ್ರ ಅವುಗಳ ಉಪಯೋಗವಾಗುತ್ತಿತ್ತು.

ಬೇಸಿಗೆಯಲ್ಲಿ ಬೆಳಗಾವಿಯಿಂದ ತಪಾಸಣೆಗೆ ಸಾಹೇಬರೊಬ್ಬರು ಬಂದರು. ಧಾರವಾಡದ ಕಡೆಯವರು, ತೆಳ್ಳಗಿದ್ದರು, ದಪ್ಪ ಕನ್ನಡಕ. ಎಲ್ಲರ ಕೆಲಸ ನೋಡಿದರು. ಅಕ್ಕಾರನ್ನು ಕಂಡು ಒಂದು ಕ್ಷಣ ನಿಂತರು. ಅಕ್ಕಾರ ಕೂಡಿಸಿದ್ದ ಚೌಕಟ್ಟನ್ನು ಎತ್ತಿ ಅಲ್ಲಾಡಿಸಿ ನೋಡಿ ಕೆಳಗಿಟ್ಟರು. ಆಮೇಲೆ ಒಳಕೋಣೆ ತೆಗೆಯಿರಿ ಎಂದರು. ಬಾಗಿಲು ತೆಗೆದೊಡನೆ ಮೇಲಿನ ಕೆಲವು ಸ್ಟೂಲು ಜಾರಿ ಅವರ ಕಾಲ ಬುಡಕ್ಕೇ ಉರುಳಿ ಬಂದವು. ಅವರು ಒಂದನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಕೂತರು. ನಿಮಗೆಲ್ಲ ಏನು ಬೇಕು ಹೇಳಿ ಎಂದು ಹುಡುಗರನ್ನು ಕೇಳಿದರು.

ನಾನು ಗೋಕಾಕದ ಹುಡುಗನ ಸಂಗತಿ ಹೇಳಿದೆ. ಹತಾರ ಕೊಡುವ ವ್ಯವಸ್ಥೆ ಆಗಬೇಕು ಎಂದೆ. ಅವರು ತಲೆದೂಗಲಿಲ್ಲ. ಸರಕಾರದ ಹಣದಲ್ಲಿ ಹತಾರ ಕೊಟ್ಟರೆ ಮುಂದಿನ ಸಂತೆಗೇ ಮಾರಿಕೊಳ್ಳುವುದಿಲ್ಲ ಎಂದು ಏನು ಭರವಸೆ, ನಾಳೆ ಲೆಕ್ಕ ಕೇಳುವವರಿಗೆ ಏನು ಹೇಳಲಿ ಎಂದರು. ಅದು ಸುಮ್ಮನೆ ತೆಗೆದ ತಕರಾರಾಗಿರಲಿಲ್ಲ. ಆಗ ಅಕ್ಕಾರ ಮಾತಾಡಿದರು.

“ಒಬ್ಬಿಬ್ಬರು ಮಾರಕೋತಾರ್ರಿ ಸಾಹೇಬರ, ಖರೆ. ಆದ್ರ ಈಗ ಎಲ್ಲಾರೂ ಕಲತದ್ದನ್ನ ಬಿಟ್ಟ ಹೊಂಟಾರಲ್ರಿ. ಎರಡರಾಗ ಯಾವ ಲುಕ್ಸಾನ ದೊಡ್ಡದರಿ?”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ತಾವೂ ಹಿಂದೆ ಇಂಥದೇ ನೇಕಾರಿಕೆಯ ಶಾಲೆಯಲ್ಲಿ ಕಲಿಸುತ್ತಿದ್ದುದಾಗಿಯೂ, ಮಗ್ಗಗಳನ್ನು ಬಿಚ್ಚಿಕೊಂಡು ಊರು ಬಿಡುವಾಗ ಕಲಿತವರು ಬಂದು ನಿಂತು ನೋಡುತ್ತಿದ್ದುದನ್ನು ಮರೆತಿಲ್ಲವೆಂದೂ ಹೇಳಿದರು. ಆಗ ಮೇಲಕ್ಕೆ ಬರೆದಿದ್ದರಂತೆ, ಉತ್ತರ ಬಂದಿರಲಿಲ್ಲವಂತೆ. ಕೂತ ಸ್ಟೂಲಿನಿಂದ ಎದ್ದು, ಈ ಸ್ಟೂಲುಗಳನ್ನು ಒಂದು ಸಂತೆಯಲ್ಲಿ ಮಾರಲು ನನ್ನ ಜವಾಬ್ದಾರಿಯ ಮೇಲೆ ಅಪ್ಪಣೆ ಕೊಡುತ್ತೇನೆ, ಬಂದದ್ದರಲ್ಲಿ ಹತಾರ ಮಾಡಿಸಿ ಹಂಚಿರಿ, ಮುಂದೆ ಏನಾಗುತ್ತದೋ ನೋಡೋಣ ಎಂದರು. ಹೋಗುವಾಗ ಜೀಪಿನಲ್ಲಿ ಕೂತು ನನಗಷ್ಟೇ ಕೇಳುವಂತೆ, “ಇದು ಕೆಟ್ಟರ ಇಬ್ಬರಿಗೂ ಬೈಗಳ ಸಮ ಸಮ, ಮಾಸ್ತರ,” ಎಂದರು.

ಸಂತೆಯ ದಿನ ಸ್ಟೂಲುಗಳನ್ನೆಲ್ಲ ಪೇಟೆಯ ಬಯಲಿಗೆ ತಂದು ಸಾಲಾಗಿ ಇಟ್ಟೆವು. ಕೂಗಿ ಮಾರುವುದು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಕ್ಕಾರ ಗಂಡ ಎದ್ದು ಮುಂದೆ ಬಂದರು. ಮಾತಾಡಲಿಲ್ಲ. ಒಂದು ಸ್ಟೂಲನ್ನು ಎಡಗೈಲಿ ಎತ್ತಿ ನೆಲಕ್ಕೆ ಬಡಿದರು, ತಿರುವಿ ಹಾಕಿ ಕೂಡಿಸಿದ ಜಾಗ ತೋರಿಸಿದರು, ನೆಟ್ಟಗೆ ಇಟ್ಟು ಅದರ ಮೇಲೆ ಹತ್ತಿ ನಿಂತು ಒಂದು ಕಾಲಿನ ಮೇಲೆ ಭಾರ ಹಾಕಿದರು. ಜನ ಕೂಡಿದರು, ನಕ್ಕರು, ತಾವೂ ಹತ್ತಿ ನೋಡಿದರು. ಬೆಲ್ಲದ ವ್ಯಾಪಾರಿಗಳು ಬಹಳಷ್ಟನ್ನು ಒಮ್ಮೆಲೇ ಕೊಂಡರು. ಗೊಣಗಿದ್ದ ಗೋದಾಮಿನ ಮಾಲಕರಂತೂ ತೂಕದ ಕಟ್ಟೆಗೆ ಬೇಕೆಂದು ಎಲ್ಲರಿಗಿಂತ ಮೊದಲು ಬಂದು ಆರಿಸಿಕೊಂಡರು. ಹೊತ್ತು ಇಳಿಯುವುದರೊಳಗೆ ಬಯಲು ಖಾಲಿ.

ಊರ ಕಂಬಾರರು ಬಾಚಿ, ಉಳಿಗಳನ್ನು ಬಡಿದು ಕೊಟ್ಟರು. ಕರಗಸದ ಅಲಗು, ರಂದದ ಅಲಗುಗಳನ್ನು ನಾನು ಬೆಳಗಾವಿಯಿಂದ ತಂದೆ. ಹಿಡಿಕೆಗಳನ್ನು ಹುಡುಗರೇ ಮಾಡಿಕೊಂಡರು. ಯಾವ ಪರೀಕ್ಷೆಗೂ ಅವರು ಅಷ್ಟು ಮನಸ್ಸಿಟ್ಟು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಮಮದಾಪುರದ ತರುಣ ತನ್ನ ಬಾಚಿಯ ಹಿಡಿಕೆಗೆ ಎಣ್ಣೆ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ. ಅಕ್ಕಾರ ತಮ್ಮ ಪಾಲು ಬೇಡವೆಂದರು, ಮನೆಯಲ್ಲಿದೆಯಲ್ಲ ಎಂದು; ಒಂದು ಸಣ್ಣ ಉಳಿಯನ್ನು ಮಾತ್ರ, ತಮ್ಮ ಕೈಯ ಅಳತೆಗೆ ಮಾಡಿಸಿ ಇಟ್ಟುಕೊಂಡರು.

ಆ ವರ್ಷವೇ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡದ ಸೀಮೆಗಳೆಲ್ಲ ಒಂದಾದವೆಂದು ಎಲ್ಲರಿಗೂ ಸಂತೋಷ, ನನಗೂ. ಆದರೆ ನಮ್ಮ ಸ್ಟೂಲಿನ ಕಡತ ಮಾತ್ರ ಪುಣೆಯಲ್ಲೋ ಬೆಂಗಳೂರಿನಲ್ಲೋ ಯಾರಿಗೂ ತಿಳಿಯದು. ನಾನು ಶಾಲೆಯನ್ನು ಹುಕ್ಕೇರಿಗೆ ಒಯ್ದೆ. ಅಲ್ಲಿ ಮತ್ತೆ ಹಳೆಯ ನಿಯಮ, ಮತ್ತೆ ಸ್ಟೂಲು, ಮತ್ತೆ ಬೀಗ. ಮದುವೆಯಾಗಿ ಹೆಂಡತಿಯನ್ನು ಹುಕ್ಕೇರಿಗೆ ಕರೆತಂದದ್ದು ಆ ವರ್ಷ. ಶಾಲೆ ಎಲ್ಲಿದೆ ತೋರಿಸಿ ಎಂದಾಗ ಪೆಟ್ಟಿಗೆಗಳನ್ನು ತೋರಿಸಿದೆ. ಇದಕ್ಕಿಂತ ನನ್ನ ತವರಿನ ಸಾಮಾನೇ ಹೆಚ್ಚಿದೆ ಎಂದು ನಕ್ಕಳು. ಅವಳು ಬಂದ ಮೇಲೆ ಊರು ಬದಲಿಸುವುದು ಮೊದಲಿನಷ್ಟು ಹಗುರವೆನಿಸಲಿಲ್ಲ. ಆದರೂ ಸಂಜೆ ಶಾಲೆ ಬಿಟ್ಟು ಬಂದರೆ ಬಿಸಿ ರೊಟ್ಟಿಯ ಸಪ್ಪಳ ಕೇಳುವ ಆ ದಿನಗಳು ಬಹಳ ಸುಖದವು.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಮೂಡಲಗಿಯಲ್ಲಿ ಹತಾರ ಪಡೆದವನೊಬ್ಬ ಅವನ್ನು ಮಾರಿಬಿಟ್ಟಿದ್ದ. ಹೊಸ ಸರಕಾರದ ಕಚೇರಿಯವರೆಗೂ ದೂರು ಹೋಗಿ, ವಿವರಣೆ ಕೊಡಿ ಎಂದು ಕೇಳಿದರು. ಅಕ್ಕಾರ ಅವತ್ತೇ ಹೇಳಿದ್ದ ಮಾತು ನಿಜವಾಗಿತ್ತು, ಆದರೆ ಅದನ್ನು ವಿವರಣೆಯಲ್ಲಿ ಬರೆಯುವುದು ಹೇಗೆ? ಸಾಹೇಬರು ನೇರವಾಗಿ ಹುಕ್ಕೇರಿಗೆ ಬಂದರು. ಒಬ್ಬ ಮಾರಿದ್ದು ನಿಜವೇ, ಉಳಿದವರು ಏನು ಮಾಡಿದರು, ಹೋಗಿ ಕಣ್ಣಿಂದ ನೋಡೋಣ, ನೋಡಿದ್ದನ್ನೇ ಬರೆಯೋಣ ಎಂದರು.

ಇಬ್ಬರೂ ಜೀಪಿನಲ್ಲಿ ಹೊರಟೆವು. ಒಬ್ಬ ಸೇತುವೆಯ ಬಾಜೂ ಮರದ ಕೆಳಗೆ ಚಕ್ಕಡಿಯ ಗಾಲಿಗೆ ಅರೆಕಾಲು ಕೂಡಿಸುತ್ತಿದ್ದ. ಇನ್ನೊಬ್ಬ ಶಾಲೆಯ ಬಾಗಿಲು ಮಾಡುವ ಕೆಲಸ ಹಿಡಿದಿದ್ದ. ಎಲ್ಲರೂ ಅಲ್ಲದಿದ್ದರೂ ಬಹುಪಾಲು ಮಂದಿ ಕಟ್ಟಿಗೆಯಲ್ಲಿಯೇ ಇದ್ದರು. ಮಮದಾಪುರದ ತರುಣ ಅಪ್ಪನ ಮನೆಗೆ ಮರಳಿ, ಮುಂದೆ ಚಪ್ಪರ ಹಾಕಿಕೊಂಡಿದ್ದ. ಅವರ ಮನೆಯವರು ಈಚೆಗೆ ಬೌದ್ಧರಾಗಿದ್ದರು. ಚಪ್ಪರದ ಕಂಬಕ್ಕೆ ಬುದ್ಧನ ಪಟ, ಅದಕ್ಕೆ ಅವನೇ ಮಾಡಿದ ಚೌಕಟ್ಟು. ಊರೊಳಗಿನ ಒಕ್ಕಲಿಗರೊಬ್ಬರು ನೊಗ ಒಯ್ಯಲು ಬಂದು, ಅಲ್ಲಿಯೇ ಕಟ್ಟಿಗೆಯ ದಿಮ್ಮಿಯ ಮೇಲೆ ಕೂತು ಕಾಯುತ್ತಿದ್ದರು. ಸಾಹೇಬರು ಅವನಿಗೆ ಮನೆಯ ಕಸುಬು ಬಿಟ್ಟದ್ದಕ್ಕೆ ಅಪ್ಪ ಏನೆನ್ನುತ್ತಾರೆ ಎಂದು ಕೇಳಿದರು.

“ಅಂವಾ ಹಗ್ಗ ಹೊಸಿತಾನ, ನಾ ನೊಗ ಮಾಡತೇನಿ. ಎತ್ತಿಗೆ ಎರಡೂ ಬೇಕಲ್ರಿ,” ಎಂದ. ಒಳಗೆ ಅವನ ಅಪ್ಪ ನಕ್ಕದ್ದು ಕೇಳಿಸಿತು.

ಮಾರಿಕೊಂಡವನನ್ನೂ ಹುಡುಕಿದೆವು. ಕಾಲುವೆಯ ಕೆಲಸದಲ್ಲಿ ಕೂಲಿಗಳ ಮೇಲ್ವಿಚಾರಣೆಯ ಮುಕಾದಮನಾಗಿ ಪಗಾರ ತೆಗೆದುಕೊಳ್ಳುತ್ತಿದ್ದ. ಹತಾರ ಯಾರಿಗೆ ಕೊಟ್ಟೆ ಎಂದರೆ, ತನ್ನ ಜೊತೆಯೇ ಕಲಿತ ಗೆಳೆಯನಿಗೆ ಎಂದ. ಆ ಗೆಳೆಯ ಎರಡು ಕರಗಸ ಆದದ್ದರಿಂದ ತಮ್ಮನನ್ನೂ ಜೊತೆಗೆ ಕೆಲಸಕ್ಕೆ ಹಚ್ಚಿಕೊಂಡಿದ್ದ. ಸಾಹೇಬರು ಜೀಪಿಗೆ ಮರಳುವಾಗ, ಇದಕ್ಕೆ ವಿವರಣೆ ಬರೆಯುವುದೇ ಬೇಡ, ಇದ್ದದ್ದು ಇದ್ದಂಗ ಬರೆದರೆ ಸಾಕು ಎಂದರು. ಹಾಗೆಯೇ ಬರೆದರು.

ಹೊಸ ಆದೇಶ ಬರಲು ಇನ್ನೂ ಒಂದು ಮಳೆಗಾಲ ಕಳೆಯಿತು. ಶಾಲೆಯಲ್ಲಿ ಮಾಡಿದ ವಸ್ತು ಮಾರಿ ಬಂದ ಹಣ ಶಾಲೆಯಲ್ಲಿಯೇ ಉಳಿದು ಕಲಿಯುವವರ ಹತಾರಕ್ಕೆ ಹೋಗಬಹುದು ಎಂದಾಯಿತು. ಭತ್ಯದ ನಿಯಮದಲ್ಲಿ ‘ಕುಶಲಕರ್ಮಿಗಳ ಗಂಡುಮಕ್ಕಳು’ ಹೋಗಿ ‘ಕಲಿಯಲು ಇಚ್ಛೆಯುಳ್ಳವರು’ ಎಂದು ಬಂತು. ಶಾಲೆ ಮುಗಿದ ಮೇಲೆ ಕೆಲವು ತಿಂಗಳು ಯಾರಾದರೂ ಬಡಿಗರ ಅಂಗಡಿಯಲ್ಲಿ ಕೈ ಪಳಗಿಸಿಕೊಳ್ಳಲಿಕ್ಕೂ ಭತ್ಯ, ಕಲಿಸುವ ಬಡಿಗರಿಗೂ ಅಷ್ಟಿಷ್ಟು. ಶಾಲೆ ಒಂದೇ ಊರಿನಲ್ಲಿ ನೆಲೆಯಾಗಿ ಇರಲಿ ಎಂದು ಸಾಹೇಬರು ಕೇಳಿದ್ದನ್ನು ಮಾತ್ರ ಒಪ್ಪಲಿಲ್ಲ. ನಾವು ತಿರುಗುತ್ತಲೇ ಇದ್ದೆವು. ಆದರೆ ಈಗ ಊರು ಬಿಡುವಾಗ ನನ್ನ ಪೆಟ್ಟಿಗೆಗಳನ್ನು ಯಾರೂ ಆಸೆಯಿಂದ ನೋಡುತ್ತಿರಲಿಲ್ಲ. ಅವರವರ ಪೆಟ್ಟಿಗೆ ಅವರವರ ಹೆಗಲ ಮೇಲಿರುತ್ತಿತ್ತು.

ಹುಕ್ಕೇರಿಯಲ್ಲಿ ಕಲಿತ ಇಬ್ಬರನ್ನು ನಾನು ಮೂಡಲಗಿಗೆ, ಕೆಲಸ ಬೆಳೆದ ಮೇಲೆ ಅಕ್ಕಾರ ತೆರೆದಿದ್ದ ಅಂಗಡಿಗೆ ಕಳಿಸಿದೆ. ಅವರಲ್ಲಿ ಒಬ್ಬ ಹೆಂಗಸಿನ ಕೈಕೆಳಗೆ ಕಲಿಯುವುದೆಂದರೆ ಹೇಗೆ ಎಂದು ಮುಖ ಸಣ್ಣ ಮಾಡಿದ್ದ. ನಾನು ಒತ್ತಾಯಿಸಲಿಲ್ಲ, ವಾರವಿದ್ದು ನೋಡಿ ಬಾ ಎಂದೆ. ವಾರ ಕಳೆದು ತಿಂಗಳಾದರೂ ಅವನು ಬರಲಿಲ್ಲ. ನಾನೇ ಹೆಂಡತಿಯನ್ನು ಕರೆದುಕೊಂಡು ನೋಡಲು ಹೋದೆ. ಆಗ ಅವಳು ಬಸುರಿ. ಅಂಗಡಿಯಲ್ಲಿ ಅವನು ಹಲಗೆ ಹಿಡಿದು ನಿಂತಿದ್ದ, ಅಕ್ಕಾರ ಗೆರೆ ಹೊಡೆಯುತ್ತಿದ್ದರು, ಗಂಡ ಬಾಗಿಲಲ್ಲಿ ಕೂತು ಹೊಸ ಗಿರಾಕಿಯ ಜೊತೆ ಬೆಲೆಯ ಮಾತಾಡುತ್ತಿದ್ದರು. ನನ್ನನ್ನು ಕಂಡು ಅಕ್ಕಾರ ಮೊದಲು ಹೇಳಿದ್ದು ಕ್ಷೇಮದ ಮಾತಲ್ಲ.

“ಬರ್ರಿ ಮಾಸ್ತರ. ನಿಮ್ಮ ಹುಡುಗರಿಗೆ ರಂದದ ಅಲಗ ಮಸಿಯಾಕ ಬರಂಗಿಲ್ಲ. ಮತ್ತ ಮೊದಲಿಂದ ಹೇಳಿಕೊಡಾಕತ್ತೇನಿ.”

ಹೌದು, ಅಲಗು ಮಸೆಯುವುದು ನಾನು ಅವಸರದಲ್ಲಿ ಮುಗಿಸುತ್ತಿದ್ದ ಪಾಠ. ಮುಂದಿನ ವರ್ಷದಿಂದ ನಿಧಾನವಾಗಿ ಕಲಿಸುತ್ತೇನೆಂದು ಒಪ್ಪಿಕೊಂಡೆ. ನನ್ನ ಹೆಂಡತಿ ಅಂಗಡಿಯ ಒಳಗೆಲ್ಲ ಓಡಾಡಿ ನೋಡಿದಳು. ತೊಟ್ಟಿಲು ತವರಿನವರು ಕೊಡುವ ಪದ್ಧತಿ. ಅಪ್ಪ ಎಲ್ಲಿ ಬೇಕಾದರೂ ಮಾಡಿಸಲಿ ಎಂದಿದ್ದಾರೆ, ಇಲ್ಲೇ ಮಾಡಿಸೋಣ ಎಂದಳು. ಇಬ್ಬರು ಹೆಂಗಸರೂ ನೆಲದ ಮೇಲೆ ಕೂತು ಗೇಣಿನಿಂದ ಅಳೆಯುತ್ತ, ಗಿಳಿ ಬೇಕೋ ಹೂ ಬೇಕೋ ಎಂದು ಬಹಳ ಹೊತ್ತು ಮಾತಾಡಿದರು. ನಾನು ಗಂಡನ ಬಾಜೂ ಬಾಗಿಲಲ್ಲಿ ಕೂತೆ. ಅವರು ಮಡಚಿಕೊಟ್ಟ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ನಮ್ಮ ಬಸ್ಸು ಬರುವ ತನಕ ಒಳಗಿನ ಕೆಲಸ ನೋಡುತ್ತ ಇದ್ದೆವು.